ಗ್ರಾಮ ಪಂಚಾಯತದಿಂದ ವಿಧಾನಸಭೆಗೆ: ನಮ್ಮ ಜಿಲ್ಲೆಯಲ್ಲಿ ನಡುವಿನ ಮೆಟ್ಟಿಲು ಯಾವುದು?

ಅಘನಾಶಿನಿ ದಂಡೆ (ಕುಮಟಾ):

ನಮಸ್ಕಾರ. ಉತ್ತರ ಕನ್ನಡದ ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯತಕ್ಕೆ ಎರಡು ಸಲ ಆಯ್ಕೆಯಾದವಳು ನಾನು. ಮೊದಲ ಸಲ ಮಹಿಳಾ ಮೀಸಲು ವಾರ್ಡು, ಎರಡನೇ ಸಲ ಸಾಮಾನ್ಯ ವಾರ್ಡು. ಕೊನೆಯ 30 ತಿಂಗಳು ಅಧ್ಯಕ್ಷತೆಯೂ ಬಂತು. ಹಿಂದೆಲ್ಲ ಇಲ್ಲಿಂದ ಮುಂದೆ ತಾಲೂಕು ಪಂಚಾಯತ, ಜಿಲ್ಲಾ ಪಂಚಾಯತ, ಆಮೇಲೆ ವಿಧಾನಸಭೆ ಅಂತ ದಾರಿ ಕಣ್ಣಿಗೆ ಕಾಣುತ್ತಿತ್ತು. ಈಗ ನಡುವಿನ ಎರಡು ಮೆಟ್ಟಿಲಿಗೆ ಚುನಾವಣೆಯೇ ಇಲ್ಲದೆ ವರ್ಷಗಳು ಉರುಳಿವೆ.

ಐದರಿಂದ ಹತ್ತು ವರ್ಷದ ಲೆಕ್ಕ ಹಾಕಿ ಕೇಳುತ್ತಿದ್ದೇನೆ. ಈ ಹೊತ್ತಿನಲ್ಲಿ ಯಾವ ಕೆಲಸ ಹಿಡಿಯಬೇಕು? ಸಹಕಾರಿ ಸಂಘವೋ, ಪಕ್ಷದ ಹುದ್ದೆಯೋ, ವಿಧಾನ ಪರಿಷತ್ತೋ? ಟಿಕೆಟ್ ಸಿಗದೆ ಪಕ್ಷೇತರವಾಗಿ ನಿಲ್ಲುವ ಪ್ರಸಂಗ ಬಂದರೆ ಕಾಗದಪತ್ರದಲ್ಲಿ ಏನೇನು ತಪ್ಪುತ್ತದೆ? ಪ್ರಕ್ರಿಯೆ ಗೊತ್ತಿರುವವರು ಬಿಡಿಸಿ ಹೇಳಿದರೆ ಉಪಕಾರ.

ಬೇಡ್ತಿ ಕೊಳ್ಳ (ಯಲ್ಲಾಪುರ):

ಅಕ್ಕಾ, ಮೊದಲು ಹೋದದ್ದು ಏನು ಅಂತ ಸರಿಯಾಗಿ ನೋಡೋಣ. ಆಮೇಲೆ ಅದರ ಬದಲಿಗೆ ಏನು ಅಂತ ಹೇಳಬಹುದು.

ನಮ್ಮ ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತರಾಜ್ ಮಂತ್ರಿ ಆಗಿದ್ದಾಗ 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ನಡೆಯಿತು. ಈಗಿರುವ ಮೂರು ಹಂತದ ಕಾಯ್ದೆ 1993ರದ್ದು. ಗ್ರಾಮ ಪಂಚಾಯತದಲ್ಲಿ ಪಕ್ಷದ ಚಿಹ್ನೆ ಇಲ್ಲ, ತಾಲೂಕು ಮತ್ತು ಜಿಲ್ಲಾ ಪಂಚಾಯತದಲ್ಲಿ ಇದೆ. ಹಾಗಾಗಿ ಪಕ್ಷವೊಂದು ಯುವ ಅಭ್ಯರ್ಥಿಯ ಕೈಗೆ ಬಿ ಫಾರಂ (ಇವರೇ ನಮ್ಮ ಅಭ್ಯರ್ಥಿ ಎಂಬ ಪಕ್ಷದ ಪತ್ರ) ಕೊಟ್ಟು, ಐದಾರು ಪಂಚಾಯತಗಳ ಹರವಿನಲ್ಲಿ ಇವರಿಗೆ ಮತ ಬೀಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದ ಜಾಗ ಅದೇ ಆಗಿತ್ತು. 2016ರ ಫೆಬ್ರವರಿಯಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು. ಈಗ ಪಕ್ಷದವರಿಗೆ ನಿಮ್ಮ ತೂಕ ತಿಳಿಯುವ ದಾರಿಯೇ ಇಲ್ಲ. ಸಮೀಕ್ಷೆ ಮಾಡಿಸುತ್ತಾರೆ, ಇಲ್ಲವೇ ದುಡ್ಡು ಎಷ್ಟಿದೆ ಎಂದು ಕೇಳುತ್ತಾರೆ. ನನ್ನ ಪ್ರಕಾರ ಹಳ್ಳಿಯಿಂದ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದರಷ್ಟು ದೊಡ್ಡ ನಷ್ಟ ಬೇರೆ ಇಲ್ಲ.

ಹಾಗಾದರೆ ನಿಮ್ಮ ತೂಕವನ್ನು ನೀವೇ ಕಾಗದದ ಮೇಲೆ ತೋರಿಸಬೇಕು. ಅಧ್ಯಕ್ಷರಾಗಿದ್ದ 30 ತಿಂಗಳ ದಾಖಲೆಯನ್ನು ಈಗಲೇ ಒಟ್ಟು ಮಾಡಿ. 15ನೇ ಹಣಕಾಸು ಆಯೋಗದ ಹಣದಲ್ಲಿ ನೂರಕ್ಕೆ 85 ಭಾಗ ಗ್ರಾಮ ಪಂಚಾಯತಕ್ಕೆ, 10 ತಾಲೂಕಿಗೆ, 5 ಜಿಲ್ಲೆಗೆ ಹಂಚಿಕೆಯಾಗಿತ್ತು. ನಿಮ್ಮ ಪಾಲಿನ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಡ್ಡಾಯವಾಗಿತ್ತು, ಉಳಿದ 40 ಮಾತ್ರ ನಿಮ್ಮ ಆಯ್ಕೆಯದ್ದಾಗಿತ್ತು. ಯಾವ ವಾರ್ಡಿಗೆ ಎಷ್ಟು ಹೋಯಿತು ಎಂದು ಈ ಎರಡನ್ನು ಬೇರೆಬೇರೆಯಾಗಿ ಬರೆದಿಡಿ. ಮುಂದೆ ಎದುರಾಳಿ "ನಮ್ಮ ಕೇರಿಗೆ ಏನೂ ಮಾಡಲಿಲ್ಲ" ಎಂದಾಗ ಉತ್ತರ ಕೊಡುವುದು ಈ ಪಟ್ಟಿಯೇ. ಕ್ರಿಯಾಯೋಜನೆಯ ಠರಾವಿನ ದೃಢೀಕೃತ ನಕಲು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ, ಕೆಲಸದ ಮೊದಲಿನ ಮತ್ತು ನಂತರದ ಫೋಟೊ, ಮೂರೂ ಒಟ್ಟಿಗಿರಲಿ.

ಲೆಕ್ಕಪರಿಶೋಧನೆಯ ಆಕ್ಷೇಪಣೆಗಳನ್ನು ಹಾಗೇ ಬಿಟ್ಟು ಇಳಿಯಬೇಡಿ. ಪಾವತಿ ಈಗ ಇ-ಗ್ರಾಮ ಸ್ವರಾಜ್‌ನಲ್ಲಿ, ಅಧ್ಯಕ್ಷರ ಮತ್ತು ಪಿಡಿಒ (ಪಂಚಾಯತ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯ ಮೇಲೆ ನಡೆಯುತ್ತದೆ. ಎಷ್ಟೋ ಕಡೆ ಅಧ್ಯಕ್ಷರ ಡಿಜಿಟಲ್ ಸಹಿಯ ಡಾಂಗಲ್ ಕಚೇರಿಯ ಡ್ರಾಯರಿನಲ್ಲೇ ಇರುತ್ತದೆ, ಪಾಸ್‌ವರ್ಡ್ ಗುಮಾಸ್ತರ ಬಾಯಲ್ಲಿರುತ್ತದೆ. ಆ ಸಹಿಯಲ್ಲಿ ಹೋದ ಪ್ರತಿ ಪಾವತಿಗೂ ಹೊಣೆ ಅಧ್ಯಕ್ಷರದ್ದು. ಆಕ್ಷೇಪಣೆ ಉಳಿದು ವಸೂಲಿಗೆ ಬಂದರೆ ಅದು ಎದುರಾಗುವುದು ಟಿಕೆಟ್ ಕೇಳುವ ಹೊತ್ತಿಗೆ. ಹೊಸ ಅಧ್ಯಕ್ಷರು ಬರುವ ಮೊದಲೇ ಅನುಪಾಲನಾ ವರದಿ (ಆಕ್ಷೇಪಣೆಗೆ ಕೊಡುವ ಉತ್ತರ) ಕಳಿಸಿ ಸ್ವೀಕೃತಿ ಇಟ್ಟುಕೊಳ್ಳಿ.

ಸೋಂದಾ ಸೀಮೆ (ಶಿರಸಿ):

ಘಟ್ಟದ ಮೇಲಿನ ಮಾತು ಹೇಳುತ್ತೇನೆ. ಇಲ್ಲಿ ಜಿಲ್ಲಾ ಪಂಚಾಯತದ ಜಾಗವನ್ನು ಸಹಕಾರಿ ಸಂಘ ತುಂಬಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ನಿರ್ದೇಶಕ, ಅಲ್ಲಿಂದ ಅಧ್ಯಕ್ಷ, ಅಲ್ಲಿಂದ ಸಂಘದ ಪ್ರತಿನಿಧಿಯಾಗಿ ಕೆಡಿಸಿಸಿ (ಕೆನರಾ ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನ ಆಡಳಿತ ಮಂಡಳಿಗೆ ಮತ. ಬ್ಯಾಂಕಿನಲ್ಲಿ ತಾಲೂಕಿಗೆ ಒಂದು ಸ್ಥಾನ ಹಿಡಿದವರನ್ನು ಪಕ್ಷಗಳು ತಾವಾಗಿ ಮಾತಾಡಿಸುತ್ತವೆ. ಯಲ್ಲಾಪುರದ ಶಿವರಾಮ ಹೆಬ್ಬಾರರು ಆ ಬ್ಯಾಂಕಿನ ಅಧ್ಯಕ್ಷತೆ ಮತ್ತು ಶಾಸಕತ್ವ ಎರಡನ್ನೂ ನಡೆಸಿದವರು. 2013, 2018ರಲ್ಲಿ ಕಾಂಗ್ರೆಸ್ಸಿನಿಂದ, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಮತ್ತು 2023ರಲ್ಲಿ ಬಿಜೆಪಿಯಿಂದ ಗೆದ್ದರು. ಪಕ್ಷ ಬದಲಾದರೂ ತಾಲೂಕಿನ ಸಂಪರ್ಕ ಬಿಟ್ಟುಹೋಗಲಿಲ್ಲ.

ಸಂಘಕ್ಕೆ ಬರುವುದಾದರೆ ಷೇರು ತೆಗೆದುಕೊಂಡು ಸುಮ್ಮನಿರಬೇಡಿ. ವಾರ್ಷಿಕ ಮಹಾಸಭೆಗೆ ಹಾಜರಿ ಮತ್ತು ಉಪವಿಧಿಯಲ್ಲಿ ಹೇಳಿದ ಕನಿಷ್ಠ ವ್ಯವಹಾರ ಇಲ್ಲದಿದ್ದರೆ ಮತದಾನದ ಹಕ್ಕೇ ಹೋಗುತ್ತದೆ, ಹಕ್ಕಿಲ್ಲದವರು ನಿಲ್ಲುವಂತೆಯೂ ಇಲ್ಲ. ಮಹಾಸಭೆಯ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕದೆ ಊಟ ಮಾಡಿ ಹೋದವರ ಹೆಸರು ಅರ್ಹ ಮತದಾರರ ಪಟ್ಟಿಯಲ್ಲಿ ಕಾಣುವುದಿಲ್ಲ. ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನವೇ ನೋಡಿ, ಆಕ್ಷೇಪಣೆ ಲಿಖಿತವಾಗಿ ಕೊಡಬೇಕು. ಸಾಲ ಸುಸ್ತಿಯಾಗಿದ್ದರೆ ಅನರ್ಹತೆ. ಜಾಮೀನು ಹಾಕಿದ ಸಾಲದ ಸ್ಥಿತಿಯನ್ನೂ ಒಮ್ಮೆ ಕೇಳಿ ತಿಳಿದುಕೊಳ್ಳಿ.

ತದಡಿ ಬಂದರು:

ಸೋಂದಾದವರು ಹೇಳಿದ್ದು ಅಡಿಕೆ ಸೀಮೆಗೆ ಸರಿ. ಕರಾವಳಿಗೆ ಅದನ್ನು ಹಾಗೇ ತಂದು ಹಚ್ಚಿದರೆ ಮೋಸ ಹೋಗುತ್ತೀರಿ ಅಕ್ಕಾ. ಸಂಘದ ಷೇರುದಾರರು ಜಮೀನು ಇದ್ದವರು. ಕುಮಟಾ ಕ್ಷೇತ್ರದ ಹಾಲಕ್ಕಿ ಕೊಪ್ಪ, ಹರಿಕಂತ್ರ, ಖಾರ್ವಿ ಕೇರಿ, ಅತಿಕ್ರಮಣ ಜಾಗದಲ್ಲಿ ಮನೆ ಕಟ್ಟಿಕೊಂಡ ನಾಮಧಾರಿ, ಪಟಗಾರ ಕುಟುಂಬಗಳು ಆ ಪಟ್ಟಿಯಲ್ಲಿ ಕಡಿಮೆ. ಸಂಘದಲ್ಲಿ ಅವಿರೋಧ ಆಯ್ಕೆಯಾದವರು ವಿಧಾನಸಭೆಯ ಮತಗಟ್ಟೆಗಳಲ್ಲಿ ಹಿಂದೆ ಬೀಳುವುದು ಇದೇ ಕಾರಣಕ್ಕೆ.

ಕುಮಟಾ ಕ್ಷೇತ್ರ ಎಂದರೆ ಕುಮಟಾ ತಾಲೂಕಷ್ಟೇ ಅಲ್ಲ, ಹೊನ್ನಾವರದ ಒಂದು ಭಾಗವೂ ಇದೆ. ಹೊನ್ನಾವರದ ಉಳಿದ ಭಾಗ ಭಟ್ಕಳಕ್ಕೆ. ಹಾಗೆಯೇ ಬನವಾಸಿ ಶಿರಸಿ ತಾಲೂಕಿನಲ್ಲಿದ್ದರೂ ಮತ ಹಾಕುವುದು ಯಲ್ಲಾಪುರಕ್ಕೆ. ನಕ್ಷೆ ತೆಗೆದು ಯಾವ ಮತಗಟ್ಟೆ ಯಾವ ಕ್ಷೇತ್ರದ್ದು ಎಂದು ಗುರುತು ಮಾಡದೆ ಓಡಾಡಿದರೆ ಎರಡು ವರ್ಷದ ಶ್ರಮ ಪಕ್ಕದ ಕ್ಷೇತ್ರಕ್ಕೆ ಹೋಗುತ್ತದೆ.

2023ರಲ್ಲಿ ಇಲ್ಲಿ ದಿನಕರ ಶೆಟ್ಟಿಯವರು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿಯವರ ಎದುರು ಗೆದ್ದದ್ದು 676 ಮತದಿಂದ. ಮತಗಟ್ಟೆಗೆ ಮೂರ್ನಾಲ್ಕು ಮತದ ಅಂತರ. ಅಷ್ಟು ಮತ ಪ್ರತಿ ಮತಗಟ್ಟೆಯಲ್ಲೂ ಪಟ್ಟಿಯ ದೋಷದಿಂದಲೇ ಹೋಗುತ್ತದೆ. ಗೋವಾ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರು, ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳು, ತೀರಿಕೊಂಡವರು, ಎರಡು ಕಡೆ ಹೆಸರಿದ್ದವರು. ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ವಿಳಾಸ ಬದಲು ಮತ್ತು ತಿದ್ದುಪಡಿಗೆ 8. 18 ತುಂಬಿದವರಿಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನ ಇವೆ. ಪಿಯುಸಿ ಮಕ್ಕಳ ಪಟ್ಟಿ ಹಿಡಿದು ಈ ನಾಲ್ಕು ದಿನದ ಲೆಕ್ಕದಲ್ಲಿ ಹೋಗಿ. ಪಕ್ಷದಲ್ಲಿ ಇರುವುದಾದರೆ ದೊಡ್ಡ ಹುದ್ದೆ ಕೇಳುವ ಮೊದಲು ನಿಮ್ಮ ಮತಗಟ್ಟೆಯ ಏಜೆಂಟರಾಗಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಜೊತೆ ಕೂತು ಮನೆಮನೆಯ ಪಟ್ಟಿ ಸರಿಮಾಡಿ. ವೇದಿಕೆಯ ಮೇಲೆ ಹೂವಿನ ಹಾರ ಹಾಕಿಸಿಕೊಳ್ಳುವ ಪದಾಧಿಕಾರಿಗಿಂತ ಆ ಪಟ್ಟಿ ಬಾಯಿಪಾಠ ಇದ್ದವರೇ ಚುನಾವಣೆಯ ದಿನ ಬೇಕಾಗುವುದು.

ದಿನಾಂಕದ ಲೆಕ್ಕವೂ ಬೇಕು. ವಿಧಾನಸಭೆ ಮತದಾನ 2023ರಲ್ಲಿ ಮೇ 10ಕ್ಕೆ, ಲೋಕಸಭೆ 2024ರಲ್ಲಿ ಮೇ 7ಕ್ಕೆ ಆಯಿತು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಅಂದರೆ ಮೇ ತಿಂಗಳಲ್ಲಿ ಬೋಟುಗಳು ಕಡಲಲ್ಲೇ ಇರುತ್ತವೆ, ಕೆಲವು ಮಲ್ಪೆ, ಗೋವಾ ಬಂದರುಗಳಲ್ಲಿ. ಬೋಟ್ ಮಾಲಕರ ಜೊತೆ ಹದಿನೈದು ದಿನ ಮೊದಲೇ ಮಾತಾಡಿ, ಹಿಂದಿನ ಸಂಜೆಗೆ ದಡ ಸೇರುವಂತೆ ಕೇಳಿಕೊಳ್ಳಬೇಕು. ಗ್ರಾಮ ಪಂಚಾಯತ ಚುನಾವಣೆ 2020ರಲ್ಲಿ ಡಿಸೆಂಬರ್‌ನಲ್ಲಿ ಆಯಿತಲ್ಲ, ಅದು ಘಟ್ಟದ ಮೇಲಿನವರಿಗೆ ಅಡಿಕೆಯ ಕೊನೆಕೊಯ್ಲಿನ ಕಾಲ. ಹಗಲು ಮನೆಗೆ ಹೋದರೆ ಯಾರೂ ಸಿಗುವುದಿಲ್ಲ, ತೋಟಕ್ಕೇ ಹೋಗಬೇಕು.

ಇನ್ನು ವಿಷಯ. ಈ ಜಿಲ್ಲೆಯಲ್ಲಿ ಅರಣ್ಯ ಹಕ್ಕು ಕಡತ ಓದಲು ಬರುವವರಿಗೆ ಎಂದೂ ಬೆಲೆ ಇಳಿಯುವುದಿಲ್ಲ. ಅರ್ಜಿ ಗ್ರಾಮದ ಅರಣ್ಯ ಹಕ್ಕು ಸಮಿತಿಯಿಂದ ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಸಾಕು, ಇತರರಿಗೆ ಅದಕ್ಕೂ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಹೆಚ್ಚಿನ ಅರ್ಜಿ ಬೀಳುವುದು ಇಲ್ಲಿ. ಪುರಾವೆ ಕನಿಷ್ಠ ಎರಡು ಬೇಕು. ಹಿರಿಯರ ಹೇಳಿಕೆಯೂ, ಹಳೆಯ ಮನೆ, ಬಾವಿ, ಸ್ಮಶಾನದಂಥ ಗುರುತುಗಳೂ ನಿಯಮದಲ್ಲಿ ಪುರಾವೆಯೇ. ತಿರಸ್ಕಾರ ಲಿಖಿತವಾಗಿ, ಕಾರಣ ಸಹಿತ ಬರಬೇಕು, ಮೇಲ್ಮನವಿಗೆ 60 ದಿನ. ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳಲ್ಲಿ ತಲಾ ಮೂವರು ತಾಲೂಕು, ಜಿಲ್ಲಾ ಪಂಚಾಯತದ ಸದಸ್ಯರು ಇರಬೇಕೆಂದು ನಿಯಮ. ಆ ಪಂಚಾಯತಗಳೇ ಖಾಲಿ ಇದ್ದರೆ ಸಮಿತಿಯಲ್ಲಿ ಜನರ ಪರ ಕೂರುವವರು ಯಾರು? ಬೇಡ್ತಿಯವರು ಹೇಳಿದ ನಷ್ಟ ರಾಜಕಾರಣಿಗಳಿಗೆ ಮಾತ್ರ ಅಲ್ಲ.

ಅಘನಾಶಿನಿ ದಂಡೆ:

ಎಲ್ಲರಿಗೂ ಧನ್ಯವಾದ. ಹೊನ್ನಾವರದ ಮತಗಟ್ಟೆಗಳ ವಿಷಯ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾಮಪತ್ರದ ಬಗ್ಗೆ ಯಾರಾದರೂ ಹೇಳಬಹುದಾ? ನಮ್ಮ ಯಜಮಾನರ ಹೆಸರಿನಲ್ಲಿ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಲೈಸೆನ್ಸ್ ಇದೆ, ಅದು ತೊಡಕಾಗುತ್ತದೆಯೇ?

ಕಲಂ 33 (ಕಾರವಾರ):

ಗುತ್ತಿಗೆಯಿಂದಲೇ ಶುರು ಮಾಡುತ್ತೇನೆ. ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 9ಎ ಪ್ರಕಾರ, ರಾಜ್ಯ ಸರ್ಕಾರದ ಜೊತೆ ಅಭ್ಯರ್ಥಿಯೇ ಮಾಡಿಕೊಂಡ ಚಾಲ್ತಿ ಗುತ್ತಿಗೆ ಇದ್ದರೆ ವಿಧಾನಸಭೆಗೆ ಅನರ್ಹತೆ. ಕೆಲಸ ಪೂರ್ತಿ ಮುಗಿಸಿದ್ದು, ಸರ್ಕಾರದಿಂದ ಬಿಲ್ಲಿನ ಹಣ ಮಾತ್ರ ಬಾಕಿ ಇದ್ದರೆ ಅದು ಚಾಲ್ತಿ ಗುತ್ತಿಗೆ ಅಲ್ಲ. ಪತಿ ತನ್ನದೇ ವ್ಯವಹಾರವಾಗಿ ಮಾಡಿಕೊಂಡ ಗುತ್ತಿಗೆ ನಿಮ್ಮನ್ನು ಅನರ್ಹಗೊಳಿಸುವುದಿಲ್ಲ. ನೀವು ಆ ಸಂಸ್ಥೆಯಲ್ಲಿ ಪಾಲುದಾರರಾಗಿದ್ದರೆ ಕಥೆ ಬೇರೆ, ಮೊದಲೇ ವಕೀಲರಿಗೆ ಪತ್ರ ತೋರಿಸಿ. ಆದರೆ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಅಫಿಡವಿಟ್ಟಿನಲ್ಲಿ ಪತಿಯ ಸರ್ಕಾರಿ ಗುತ್ತಿಗೆಯ ವಿವರವನ್ನೂ ಬರೆಯಲೇಬೇಕು. ಗ್ರಾಮ ಪಂಚಾಯತದ ಕಾನೂನು ಇನ್ನೂ ಬಿಗಿ: ಆ ಪಂಚಾಯತದ ಕಾಮಗಾರಿಯಲ್ಲಿ ಸದಸ್ಯರಿಗೆ ನೇರವಾಗಿಯೋ ಪಾಲುದಾರರ ಮೂಲಕವೋ ಹಿತಾಸಕ್ತಿ ಇರಬಾರದು.

ಈಗ ನಾಮಪತ್ರ. ಕನಿಷ್ಠ ವಯಸ್ಸು 25. ನಮೂನೆ 2ಬಿ, ಹೆಚ್ಚೆಂದರೆ ನಾಲ್ಕು ಪ್ರತಿ ಸಲ್ಲಿಸಬಹುದು. ನಾಲ್ಕೂ ಸಲ್ಲಿಸಿ, ಬೇರೆಬೇರೆ ಸೂಚಕರಿಂದ (ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು). ಒಬ್ಬ ಸೂಚಕನ ಕ್ರಮಸಂಖ್ಯೆ ತಪ್ಪಾದರೂ ಇನ್ನೊಂದು ಉಳಿಯುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಮಂದಿ. ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು. ಭಟ್ಕಳ ಕ್ಷೇತ್ರಕ್ಕೆ ಸೇರಿದ ಹೊನ್ನಾವರದವರೊಬ್ಬರು ನಿಮ್ಮ ಹತ್ತರಲ್ಲಿ ಸೇರಿದರೆ ಆ ಪ್ರತಿ ಬಿದ್ದಂತೆ. ಠೇವಣಿ 10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ಬರದಿದ್ದರೆ ವಾಪಸ್ ಇಲ್ಲ.

ಪಕ್ಷದ ಎ ಫಾರಂ (ಬಿ ಫಾರಂಗೆ ಸಹಿ ಹಾಕುವ ಅಧಿಕಾರ ಯಾರಿಗೆ ಎಂದು ತಿಳಿಸುವ ಪತ್ರ) ಮತ್ತು ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರ ಒಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಶಾಯಿಯ ಸಹಿಯೇ ಬೇಕು, ಜೆರಾಕ್ಸ್, ಮುದ್ರೆಯ ಸಹಿ ನಡೆಯುವುದಿಲ್ಲ. ಬೆಂಗಳೂರಿನಿಂದ ಬಿ ಫಾರಂ ಹಿಡಿದು ಕೊನೆಯ ದಿನ ಹೊರಟು, ಅರಬೈಲ್ ಅಥವಾ ದೇವಿಮನೆ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಯಾರೂ ಏನೂ ಮಾಡಲಾಗದು. ಬಿ ಫಾರಂ ಬರುತ್ತದೆಂಬ ಭರವಸೆಯಲ್ಲಿ ಒಬ್ಬನೇ ಸೂಚಕನ ಸಹಿ ಹಾಕಿಸಿದವರು, ಅದು ಬಾರದಿದ್ದರೆ ಪಕ್ಷೇತರರಾಗಿಯೂ ಉಳಿಯುವುದಿಲ್ಲ. ಸಂಶಯ ಇದ್ದರೆ ಒಂದು ಪ್ರತಿಗೆ ಹತ್ತು ಸೂಚಕರನ್ನು ಮೊದಲೇ ಸೇರಿಸಿಡಿ.

ನಮೂನೆ 26ರಲ್ಲಿ ಯಾವ ಕಾಲಂ ಕೂಡ ಖಾಲಿ ಬಿಡಬಾರದು. ಇಲ್ಲದ್ದಕ್ಕೆ "ಇಲ್ಲ" ಅಥವಾ "ಅನ್ವಯಿಸುವುದಿಲ್ಲ" ಎಂದು ಬರೆಯಿರಿ, ಗೆರೆ ಎಳೆಯಬೇಡಿ. ಖಾಲಿ ಇದ್ದರೆ ಚುನಾವಣಾಧಿಕಾರಿ ನೋಟಿಸ್ ಕೊಡುತ್ತಾರೆ, ಪರಿಶೀಲನೆಯೊಳಗೆ ಹೊಸದು ಕೊಡದಿದ್ದರೆ ತಿರಸ್ಕಾರ. ನಿಮ್ಮದು, ಪತಿಯದು, ಅವಲಂಬಿತರದು, ಅವಿಭಕ್ತ ಕುಟುಂಬ ಇದ್ದರೆ ಅದರದು, ಎಲ್ಲರ ಪಾನ್ ಮತ್ತು ಐದು ವರ್ಷದ ಆದಾಯ ತೆರಿಗೆ ವಿವರ ಬೇಕು. ವಿದೇಶದ ಆಸ್ತಿಯನ್ನೂ ಹೇಳಬೇಕು, ಭಟ್ಕಳ, ಹೊನ್ನಾವರದ ಗಲ್ಫ್ ಕುಟುಂಬಗಳು ಇಲ್ಲಿ ಜಾಗ್ರತೆ ವಹಿಸಬೇಕು. ಸಾಗುವಳಿ ಮಾಡುತ್ತಿರುವ ಅತಿಕ್ರಮಣ ಜಾಗವನ್ನು ಸ್ವಂತ ಜಮೀನು ಎಂದು ಬರೆಯಬೇಡಿ. ಪಹಣಿಯಲ್ಲಿ ಹೆಸರಿರುವುದನ್ನು ಮಾತ್ರ ಸರ್ವೆ ನಂಬರ್ ಸಹಿತ ಬರೆಯಿರಿ.

ಬಹಳ ಜನ ಮರೆಯುವುದು ಪ್ರಮಾಣವಚನ. ನಾಮಪತ್ರ ಕೊಟ್ಟ ಮೇಲೆ ಸಂವಿಧಾನದ 173ನೇ ವಿಧಿಯಂತೆ ಅಧಿಕಾರಿಯ ಎದುರು ಪ್ರಮಾಣ ಸ್ವೀಕರಿಸಿ ಸಹಿ ಹಾಕಬೇಕು, ಅದೂ ಪರಿಶೀಲನೆಯ ದಿನಕ್ಕೆ ಮೊದಲು. ಪರಿಶೀಲನೆಯ ದಿನ ಬೆಳಿಗ್ಗೆ ಬಂದು ಕೇಳಿದರೆ ತಡವಾಯಿತು. ಕುಮಟಾಕ್ಕೆ ಚುನಾವಣಾಧಿಕಾರಿ ಸಾಮಾನ್ಯವಾಗಿ ಅಲ್ಲಿನ ಉಪವಿಭಾಗಾಧಿಕಾರಿ. ನಾಮಪತ್ರ ಕೊಟ್ಟ ಕೂಡಲೇ ಅದೇ ಕೋಣೆಯಲ್ಲಿ ಪ್ರಮಾಣ ಮುಗಿಸಿ, ಪ್ರಮಾಣ ಸ್ವೀಕರಿಸಿದ್ದಕ್ಕೆ ಪತ್ರ ಪಡೆದೇ ಹೊರಬನ್ನಿ.

ಖರ್ಚಿನ ಮಿತಿ ವಿಧಾನಸಭೆಗೆ 40 ಲಕ್ಷ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಎಲ್ಲ ಪಾವತಿಯೂ ಅಲ್ಲಿಂದಲೇ ನಡೆಯಬೇಕು. ಒಬ್ಬ ವ್ಯಕ್ತಿ ಅಥವಾ ಸಂಸ್ಥೆಗೆ ಇಡೀ ಚುನಾವಣೆಯಲ್ಲಿ ನಗದು 10,000 ದಾಟುವಂತಿಲ್ಲ. ಪೆಂಡಾಲ್, ಕುರ್ಚಿ, ಊಟದ ದರವನ್ನು ಜಿಲ್ಲಾ ಚುನಾವಣಾಧಿಕಾರಿ ನಿಗದಿ ಮಾಡಿರುತ್ತಾರೆ. ನೀವು ಕಡಿಮೆಗೆ ಪಡೆದೆ ಎಂದರೂ ವೀಕ್ಷಕರು ಆ ದರವನ್ನೇ ಹಿಡಿಯುತ್ತಾರೆ. ತಾರಾ ಪ್ರಚಾರಕರ ವೇದಿಕೆ ಹತ್ತಿದರೆ ಸಭೆಯ ಖರ್ಚಿನ ಪಾಲು ನಿಮ್ಮ ಲೆಕ್ಕಕ್ಕೆ. ಫಲಿತಾಂಶದ 30 ದಿನದೊಳಗೆ ಲೆಕ್ಕ ಸಲ್ಲಿಸದಿದ್ದರೆ ಕಲಂ 10ಎ ಅಡಿ ಮೂರು ವರ್ಷ ಅನರ್ಹತೆ. ಸೋತು ಬೇಸರದಲ್ಲಿ ಮನೆ ಸೇರಿದವರು ಹೀಗೇ ಮುಂದಿನ ಚುನಾವಣೆ ಕಳೆದುಕೊಳ್ಳುತ್ತಾರೆ.

ಪಕ್ಷೇತರರು ಗೆಲ್ಲುವುದೇ ಇಲ್ಲ ಎಂದೇನಿಲ್ಲ. 1967ರಲ್ಲಿ ದಿನಕರ ದೇಸಾಯಿಯವರು ಲೋಕಸಭೆಗೆ ಪಕ್ಷೇತರರಾಗಿ ಹೋದರು. ಅದಕ್ಕೆ ಮೊದಲೇ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಜಿಲ್ಲೆಯಲ್ಲಿ ಇದ್ದವು. 2013ರಲ್ಲಿ ಕಾರವಾರದಿಂದ ಸತೀಶ ಸೈಲ್, ಭಟ್ಕಳದಿಂದ ಮಂಕಾಳ ವೈದ್ಯ, ಇಬ್ಬರೂ ಪಕ್ಷೇತರರಾಗಿಯೇ ಗೆದ್ದದ್ದು.

ಬೇಡ್ತಿ ಕೊಳ್ಳ:

ಪರಿಷತ್ತಿನ ಪ್ರಶ್ನೆ ಉಳಿದುಹೋಯಿತು. ಅಲ್ಲಿಗೆ ವಯಸ್ಸು 30 ಆಗಿರಬೇಕು. 75 ಸ್ಥಾನದಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ, ಅದರಲ್ಲಿ ಉತ್ತರ ಕನ್ನಡಕ್ಕೆ ಒಂದು. ಮತದಾರರು ಪಂಚಾಯತ, ನಗರಸಭೆ, ಪುರಸಭೆಗಳ ಸದಸ್ಯರು, ಜೊತೆಗೆ ಶಾಸಕರು, ಸಂಸದರು. ಹೆಚ್ಚಿನ ಮತ ಗ್ರಾಮ ಪಂಚಾಯತದ್ದೇ, ಆದ್ದರಿಂದ ಜೊಯಿಡಾದಿಂದ ಭಟ್ಕಳದ ತನಕ ಸದಸ್ಯರ ಪರಿಚಯ ಬೇಕು. ಮತಪತ್ರದಲ್ಲಿ ಆಯೋಗ ಕೊಟ್ಟ ನೇರಳೆ ಪೆನ್ನಿನಿಂದ 1, 2, 3 ಎಂದು ಬರೆಯಬೇಕು. ಟಿಕ್ ಹಾಕಿದರೆ, ಸಹಿ ಹಾಕಿದರೆ, 1 ಬರೆಯದೆ 2 ಬರೆದರೆ ಮತ ಅಸಿಂಧು. ನಾಮನಿರ್ದೇಶನದ ದಾರಿಯೂ ಇದೆ, 2020ರಲ್ಲಿ ಶಾಂತಾರಾಮ ಸಿದ್ದಿಯವರು ಆ ದಾರಿಯಲ್ಲಿ ಸಿದ್ದಿ ಸಮುದಾಯದ ಮೊದಲ ಶಾಸನಸಭೆ ಸದಸ್ಯರಾದರು. ಆದರೆ ಅದನ್ನು ಯಾರೂ ಯೋಜನೆ ಹಾಕಿ ಪಡೆಯಲಾಗದು.

ಸೋತರೆ ಮುಗಿಯಿತು ಎಂದುಕೊಳ್ಳಬೇಡಿ. ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರು 2019ರಲ್ಲಿ ಯಲ್ಲಾಪುರ ಉಪಚುನಾವಣೆ ಸೋತರು, 2021ರ ಡಿಸೆಂಬರಿನಲ್ಲಿ ಇದೇ ಪರಿಷತ್ ಸ್ಥಾನಕ್ಕೆ ಗಣಪತಿ ಉಳ್ವೇಕರರ ಎದುರು ಸೋತರು. 2023ರಲ್ಲಿ ಶಿರಸಿಯಲ್ಲಿ, ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನೇ ಸೋಲಿಸಿದರು. ಕಾಗೇರಿಯವರು ಮರುವರ್ಷ ಲೋಕಸಭೆ ಸೇರಿದರು. ಆರ್.ವಿ. ದೇಶಪಾಂಡೆಯವರು 2008ರಲ್ಲಿ ಹಳಿಯಾಳ ಸೋತ ವರ್ಷವೇ ಕೆಪಿಸಿಸಿ (ಕಾಂಗ್ರೆಸ್ಸಿನ ರಾಜ್ಯ ಸಮಿತಿ) ಅಧ್ಯಕ್ಷರಾದರು. ಇವರೆಲ್ಲ ಸೋತ ಮೇಲೂ ಪಕ್ಷದ ಕೆಲಸದಿಂದ ದೂರ ಹೋಗಲಿಲ್ಲ.

ಇನ್ನೊಂದು, ನಿಮಗೆ ಬಹಳ ಮುಖ್ಯ. 2023ರ ಸಂವಿಧಾನ ತಿದ್ದುಪಡಿಯಂತೆ ವಿಧಾನಸಭೆಯ ಮೂರನೇ ಒಂದು ಸ್ಥಾನ ಮಹಿಳೆಯರಿಗೆ. ಅದು ಜಾರಿಯಾಗುವುದು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಯ ನಂತರ. 2008ರ ಮರುವಿಂಗಡಣೆಯಲ್ಲಿ ಅಂಕೋಲಾ ಕ್ಷೇತ್ರವೇ ಇಲ್ಲವಾಯಿತು, ಶಿರಸಿಯ ಪರಿಶಿಷ್ಟ ಜಾತಿ ಮೀಸಲು ಹೋಯಿತು. ಅಂಕೋಲಾದಿಂದ ಮೂರು ಸಲ ಗೆದ್ದಿದ್ದ ಕಾಗೇರಿಯವರು ಆಮೇಲೆ ಶಿರಸಿಗೆ ಬಂದರು. ಕುಮಟಾದ ಗಡಿಯೂ ಹಾಗೇ ಬದಲಾಗಬಹುದು. ಈ ಕರಾವಳಿಯಿಂದ 2013ರಲ್ಲಿ ಕುಮಟಾದ ಶಾರದಾ ಶೆಟ್ಟಿ, 2018ರಲ್ಲಿ ಕಾರವಾರದ ರೂಪಾಲಿ ನಾಯ್ಕ ಮೀಸಲಾತಿ ಇಲ್ಲದೆಯೇ ಗೆದ್ದಿದ್ದಾರೆ. ಮರುವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ದಿನ ಕೊಡುತ್ತಾರೆ. ಪಂಚಾಯತದ ಠರಾವು ಮಾಡಿ, ನದಿ, ರಸ್ತೆ, ಹೋಬಳಿಯ ಗಡಿ ತೋರಿಸುವ ನಕ್ಷೆ ಹಚ್ಚಿ ಸಲ್ಲಿಸಿ. ಬಾಯಿಮಾತಿನ ಮನವಿಯನ್ನು ಅಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ.